ಆಕಾಶದ ಕರೆಗೆ ಪ್ಯಾರೇಜಾನ್ ಮಾಮನ ಮಾರ್ಕು

ಫೋನು ಬಂದರೆ ಪ್ಯಾರೇಜಾನ್ ಮಾಮ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಆಮೇಲೆ ಹಸಿರು ಗುಂಡಿ ಒತ್ತುತ್ತಿದ್ದರು. ಬೇಕೆಂದು ಮಾಡುತ್ತಿದ್ದುದಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ರೇಷ್ಮೆಗೂಡು ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗಿನ ಹುಳ ಗಟ್ಟಿಯಿದೆಯೋ ಕರಗಿಹೋಗಿದೆಯೋ ಎಂದು ಸದ್ದಿನಲ್ಲೇ ತಿಳಿದುಕೊಂಡ ಕೈ ಅದು. ಅಂಗೈಗೆ ಏನೇ ಬಂದರೂ ಅದಕ್ಕೆ ಅದೇ ಉಪಚಾರ. ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಕೋಳಿಮೊಟ್ಟೆ ಎಲ್ಲವನ್ನೂ ಅಲ್ಲಾಡಿಸುತ್ತಿದ್ದರು. ನಾನು ಇಂಜಿನಿಯರಿಂಗ್ ಪಾಸಾದ ದಿನ ಕೈಗಿಟ್ಟ ಲಾಡನ್ನೂ ಅಲ್ಲಾಡಿಸಿ ನೋಡಿಯೇ ಬಾಯಿಗೆ ಹಾಕಿಕೊಂಡರು.

ನುಂಗಿದ ಮೇಲೆ ಅಂದದ್ದು ಒಂದೇ ಮಾತು: "ಪರವಾಗಿಲ್ಲ."

ಲಾಡಿಗೆ ಅಂದರೋ ನನ್ನ ಡಿಗ್ರಿಗೆ ಅಂದರೋ ಎಂದು ಅಮ್ಮ ದಾರಿಯುದ್ದಕ್ಕೂ ಯೋಚಿಸುತ್ತಾ ಬಂದಳು. ಎರಡಕ್ಕೂ ಅಂದಿದ್ದರು. ಗೂಡು ಕೊಳ್ಳುವವರ ಬಾಯಿ ಅಂಥದ್ದು. ಮುಂದಿರುವ ಮಾಲು ಎಷ್ಟೇ ಒಳ್ಳೆಯದಿರಲಿ, ಬಾಯಿಬಿಟ್ಟು ಚೆನ್ನಾಗಿದೆ ಎನ್ನುವ ಹಾಗಿಲ್ಲ. "ಜೊಳ್ಳು", "ತೆಳು", "ಮಳೆಗೆ ಸಿಕ್ಕಿದ ಹಾಗಿದೆ" ಎಂದು ಹೀಗಳೆಯುತ್ತಲೇ ಕೊಳ್ಳಬೇಕು. ಅವರ ಬಾಯಿಂದ "ಪರವಾಗಿಲ್ಲ" ಬಂತೆಂದರೆ ಅದಕ್ಕಿಂತ ಮೇಲೆ ಇನ್ನೇನೂ ಇಲ್ಲ ಎಂದು ಅರ್ಥ.

ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಲಭಕ್ಕೆ ಬಂದದ್ದಲ್ಲ. ಅಮ್ಮ ಪ್ಯಾರೇಜಾನ್ ಮಾಮನ ಚರಕದಲ್ಲಿ ಕೆಲಸಕ್ಕಿದ್ದಳು. ಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಗೆ ನಮ್ಮ ಕಡೆ ಚರಕ ಎಂದೇ ಹೆಸರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ನೆನೆದುಕೊಂಡಿರುತ್ತಿದ್ದವು. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಒಂದು ಬಲ್ಬಿತ್ತು, ಆದರೆ ಕರೆಂಟನ್ನು ನಂಬುವಂತಿರಲಿಲ್ಲ. ಚರಕದಲ್ಲಿ ಬೆಳಕಿಗೆ ಕೊರತೆಯಿಲ್ಲ. ಬೇಯುವ ಹುಳದ ವಾಸನೆಯಲ್ಲಿ, ರಾಟೆಗಳ ಗರ್‍ರೆನ್ನುವ ಸದ್ದಿನಲ್ಲಿ ಒಂದು ಮೂಲೆಯಲ್ಲಿ ಕೂತು ಓದುತ್ತಿದ್ದೆ. ಮನಸ್ಸಿನಲ್ಲೇ ಓದಿಕೊಂಡರೆ ಮಾಮನಿಗೆ ಆಗುತ್ತಿರಲಿಲ್ಲ.

"ಏ ಮಂಜಮ್ಮ, ಓದ್ತಿದ್ದೀಯೋ ತೂಕಡಿಸ್ತಿದ್ದೀಯೋ ನಂಗೆ ಹೆಂಗೆ ಗೊತ್ತಾಗ್ಬೇಕು? ಕೂಗಿ ಓದು. ಚರಕದ ಸದ್ದು ದಾಟಿ ಬರ್ಬೇಕು ನಿನ್ನ ಗಂಟಲು."

ನಾನು ಕಿರುಚಿ ಓದುತ್ತಿದ್ದೆ. ಅವರಿಗೆ ಕನ್ನಡ ಓದಲು ಬಾರದು. ಉರ್ದು ಮನೆಮಾತು, ತೆಲುಗು ವ್ಯಾಪಾರದ ಮಾತು, ಕನ್ನಡ ನಮ್ಮ ಜೊತೆಗೆ. ಪಾಠ ಏನೆಂದು ಅವರಿಗೆ ಬೇಕಿರಲಿಲ್ಲ. ನಡುವೆ ಎಲ್ಲಾದರೂ ತಡವರಿಸಿದರೆ ಮಾತ್ರ ಆ ತುದಿಯಿಂದ ಕೂಗು ಬರುತ್ತಿತ್ತು: "ಎಳೆ ಕಿತ್ತೋಯ್ತು ನೋಡು! ಮತ್ತೆ ಹಿಡಿ!"

ಮುಂದೆ ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದಿದೆ. ಸದ್ದು ದಾಟಿ ಗಂಟಲು ಕೇಳಿಸುವಂತೆ ಮಾಡುವುದೇ ನನ್ನ ಕೆಲಸವೂ ಆಯಿತು. ವಿಮಾನದಲ್ಲಿ ಕೂತವರು ತಮ್ಮ ಮೊಬೈಲಿನಿಂದಲೇ ಮನೆಗೆ ಮಾತಾಡುವಂತೆ ಮಾಡುವ ಕಂಪನಿಯೊಂದಕ್ಕೆ ಸೇರಿದೆ. ಅಷ್ಟು ಎತ್ತರದಲ್ಲಿ ನೆಲದ ಟವರನ್ನು ನಂಬುವಂತಿಲ್ಲ. ಆದ್ದರಿಂದ ವಿಮಾನದೊಳಗೇ ಪುಟ್ಟ ಟವರಿನಂಥ ಒಂದು ಪೆಟ್ಟಿಗೆ ಇಡುತ್ತೇವೆ. ಫೋನು ಅದರ ಜೊತೆ ಪಿಸುಮಾತಾಡುತ್ತದೆ. ಪೆಟ್ಟಿಗೆಯಿಂದ ಮಾತು ವಿಮಾನದ ಬೆನ್ನ ಮೇಲಿನ ಆಂಟೆನಾಕ್ಕೆ, ಅಲ್ಲಿಂದ ಉಪಗ್ರಹಕ್ಕೆ, ಉಪಗ್ರಹದಿಂದ ನೆಲದ ಕೇಂದ್ರಕ್ಕೆ, ಕೊನೆಗೆ ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟ ಫೋನಿಗೆ ಬರುತ್ತದೆ. ಹೇಳಿದಷ್ಟು ಸುಲಭವಲ್ಲ. ಯಂತ್ರಗಳು ಎಲ್ಲವನ್ನೂ ಅಳೆದು ಸರಿಯಿದೆ ಎಂದರೂ ಕೇಳುವ ಮನುಷ್ಯನಿಗೆ ಅದು ತಗಡಿನ ಡಬ್ಬಿಯೊಳಗಿನ ಮಾತಿನಂತೆ ಕೇಳಿಸಬಹುದು. ಅದಕ್ಕೆ ಪ್ರತಿ ಭಾಷೆಯಲ್ಲೂ ನಮ್ಮ ವಿದ್ಯೆಯ ಗಂಧವಿಲ್ಲದ ಕೆಲವು ಸಾಮಾನ್ಯ ಕೇಳುಗರನ್ನು ಗೊತ್ತುಮಾಡಿಕೊಳ್ಳುತ್ತೇವೆ. ಅವರಿಗೆ ಕರೆ ಮಾಡಿ ಸ್ವಲ್ಪ ಹೊತ್ತು ಮಾತಾಡುತ್ತೇವೆ. ಕೇಳಿಸಿದ್ದು ಹೇಗಿತ್ತೆಂದು ಅವರು ಐದರೊಳಗೆ ಒಂದು ಮಾರ್ಕು ಕೊಡಬೇಕು. ಮೂರಕ್ಕಿಂತ ಕಡಿಮೆ ಬಂದರೆ ಏನಾದರೂ ಸರಿಪಡಿಸಿ ಅದೇ ಕೇಳುಗರಿಗೆ ಮತ್ತೆ ಕರೆ ಮಾಡಬೇಕು. ಒಳ್ಳೆಯ ಮಾರ್ಕು ಬಂದರೆ ಅವರ ಪಾಲಿನ ಕೆಲಸ ಮುಗಿಯಿತು.

ಹೊಸ ಪೆಟ್ಟಿಗೆಯೊಂದನ್ನು ಮಾಡುವ, ಅದಕ್ಕೆ ಕನ್ನಡದ ಕೇಳುಗರನ್ನು ಆರಿಸುವ ಹೊಣೆ ನನಗೆ ಬಂತು. ನನ್ನ ಹೆಸರಿನಲ್ಲಿ ನಡೆದ ಮೊದಲ ಕೆಲಸ ಅದು. ಚಿಕ್ಕಬಳ್ಳಾಪುರದ ನನ್ನ ಹಾಸ್ಟೆಲಿನ ಅಡುಗೆಯಾಕೆ, ಗೌರಿಬಿದನೂರಿನ ಒಬ್ಬ ಬಸ್ ಕಂಡಕ್ಟರ್, ಇನ್ನೂ ಒಂದಿಬ್ಬರನ್ನು ಕೇಳಿ ಒಪ್ಪಿಸಿದೆ. ಆಮೇಲೆ ಪ್ಯಾರೇಜಾನ್ ಮಾಮ ನೆನಪಾದರು.

ಆಗ ಅವರ ಚರಕ ನಿಂತು ಹೋಗಿತ್ತು. ದೊಡ್ಡ ದೊಡ್ಡ ಯಂತ್ರಗಳು ಬಂದ ಮೇಲೆ ಸಣ್ಣ ಚರಕಗಳಿಗೆ ಕಾಲವಿರಲಿಲ್ಲ. ಅವರ ಹೆಂಡತಿ ಖೈರುನ್ನೀಸಾ ಮಾಮಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಿಂತ ರಾಟೆಗಳ ಮುಂದಿನ ಕೋಣೆಯಲ್ಲೇ ಮಾಮ ಒಬ್ಬರೇ ಇರುತ್ತಿದ್ದರು. ಚರಕ ಮುಚ್ಚಿದ ಮೇಲೂ ಬೆಳಗಾದರೆ ಮಾರುಕಟ್ಟೆಗೆ ಹೋಗುತ್ತಿದ್ದರಂತೆ, ಕೊಳ್ಳಲು ಅಲ್ಲ, ಹರಾಜಿನ ಕೂಗು ಕೇಳಲು. ಒಂದು ಕಾಲದಲ್ಲಿ ಅವರದೇ ಎಲ್ಲರಿಗಿಂತ ದೊಡ್ಡ ಕೂಗು. ಈಗ ಅಲ್ಲೂ ಹರಾಜು ಮೊಬೈಲಿನಲ್ಲಿ. ತಲೆ ಬಗ್ಗಿಸಿ ಬೆರಳಲ್ಲಿ ಅಂಕಿ ಒತ್ತುತ್ತಾರೆ, ಗೋಡೆಯ ಮೇಲೆ ರೇಟು ಮೂಡುತ್ತದೆ. "ಹೋಗೋದು ಬಿಟ್ಬಿಟ್ಟೆ ಕಣಮ್ಮ," ಎಂದರು ನಾನು ಕೇಳಲು ಹೋದಾಗ. "ಮಾರ್ಕೆಟ್ಟು ಆಸ್ಪತ್ರೆ ಆಗೋಗಿದೆ. ಕೆಮ್ಮಿದ್ರೂ ತಿರುಗಿ ನೋಡ್ತಾರೆ."

ಫೋನಿನಲ್ಲಿ ಮಾತಾಡಿ ಮಾರ್ಕು ಕೊಡುವ ಕೆಲಸ ಎಂದಾಗ ನಂಬಲಿಲ್ಲ. "ನಂಗಾ? ಕಿವಿಗೆ ಕೆಲಸಾನಾ?" ಎಂದು ಎರಡೆರಡು ಸಲ ಕೇಳಿದರು. ನಿಯಮಗಳನ್ನೆಲ್ಲ ವಿವರಿಸಿದೆ. ಕಡಿಮೆ ಕೊಟ್ಟರೆ ಮತ್ತೆ ಕರೆ ಬರುತ್ತದೆ, ಹೆಚ್ಚು ಕೊಟ್ಟರೆ ಮುಗಿಯುತ್ತದೆ ಎಂಬುದನ್ನೂ ನಾನೇ ಬಾಯಾರೆ ಹೇಳಿದೆ.

ಮೊದಮೊದಲ ಕರೆಗಳು ಹಾರುವ ವಿಮಾನದಿಂದಲ್ಲ. ನಮ್ಮ ಕಂಪನಿಯ ಅಂಗಳದಲ್ಲಿ ರೆಕ್ಕೆ ಕಳಚಿ ನಿಲ್ಲಿಸಿದ್ದ ಹಳೆಯ ವಿಮಾನವೊಂದರ ಒಡಲಿನಲ್ಲಿ ಕೂತು, ಅದರ ಬೆನ್ನ ಮೇಲಿನ ಆಂಟೆನಾದಿಂದ ನಿಜವಾದ ಉಪಗ್ರಹದ ಮೂಲಕವೇ ಮಾತಾಡುತ್ತಿದ್ದೆವು. ಮೊದಲ ದಿನ ಗೊಂದಲವೋ ಗೊಂದಲ. ಮಾತು ಅಷ್ಟು ದೂರ ಹೋಗಿ ಬರಲು ಅರೆಗಳಿಗೆ ಹಿಡಿಯುತ್ತದೆ. ಉತ್ತರ ಬರಲಿಲ್ಲವೆಂದು ನಾನು ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ಅವರ ಉತ್ತರ ಬಂದು ಡಿಕ್ಕಿ ಹೊಡೆಯುತ್ತಿತ್ತು. ಜೊತೆಗೆ ಅವರದು ಹರಾಜಿನ ನಾಲಿಗೆ. ಮೊದಲು ನುಗ್ಗಿದವನಿಗೇ ಮಾಲು ಎಂದು ಕಲಿತದ್ದು.

"ಏನಮ್ಮ ಇದು, ನಾನೊಂದು ಕೂಗೋವಷ್ಟ್ರಲ್ಲಿ ನೀನೊಂದು ಕೂಗ್ತೀಯ. ಯಾವ ಗೂಡಿನ ಲಾಟಿಗೆ ಇಷ್ಟು ಪೈಪೋಟಿ?"

"ಮಾತು ಮೇಲೆ ಉಪಗ್ರಹದ ತನಕ ಹೋಗಿ ಬರುತ್ತೆ ಮಾಮ. ನಾನು ಮುಗಿಸಿದ ಮೇಲೆ ಒಂಚೂರು ತಡೆದು ಮಾತಾಡಿ."

ಹೇಳಿದ ಹಾಗೇ ತಡೆದರು. ಆಮೇಲೆ: "ಅರ್ಥ ಆಯ್ತು ಬಿಡು. ಬೆಂದ ಗೂಡಲ್ಲಿ ಎಳೆ ಸಿಗೋತನಕ ಕೈ ತಡೀತೀವಲ್ಲ, ಹಂಗೆ."

ಅಂದಿನಿಂದ ಅವರು ತಡೆಯುವುದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಮಾಮೂಲಿ ಫೋನಿನಲ್ಲೂ ಎಲ್ಲರಿಗೂ ತಡೆದೇ ಉತ್ತರ ಕೊಡತೊಡಗಿದರು. ಕಟ್ಟಾಯಿತೆಂದು ತಿಳಿದು ಜನ ಫೋನಿಡುತ್ತಿದ್ದರಂತೆ. "ಯಾರಿಗೂ ತಾಳ್ಮೆ ಇಲ್ಲ ಮಂಜಮ್ಮ" ಎಂದು ನನಗೇ ದೂರು.

ಮಾರ್ಕಿನ ಹೊತ್ತು ಬರುತ್ತಿತ್ತು.

"ಎಷ್ಟು ಮಾಮ?"

"ಎರಡು."

"ಯಾಕೆ? ಏನು ಕೇಳಿಸ್ಲಿಲ್ಲ?"

"ಜೊಳ್ಳು. ಮಧ್ಯ ಮಧ್ಯ ತೆಳುವಾಗೋಯ್ತು. ಸರಿಮಾಡ್ಕೊಂಡು ಮತ್ತೆ ಮಾಡು."

ಅಡುಗೆಯಾಕೆ ನಾಲ್ಕು ಕೊಟ್ಟರು. ಕಂಡಕ್ಟರ್ ಐದು ಕೊಟ್ಟು, ನಮ್ಮ ಡಿಪೋದ ಫೋನೇ ಇಷ್ಟು ಚೆನ್ನಾಗಿಲ್ಲ ಎಂದ. ಮಾಮನದು ಮಾತ್ರ ಎರಡು, ಮತ್ತೆ ಎರಡು, ಒಮ್ಮೆ ಒಂದೂವರೆ. ಅರ್ಧ ಮಾರ್ಕು ಕೊಡುವ ಹಾಗಿಲ್ಲ ಎಂದರೆ, "ಹಂಗಾದ್ರೆ ಒಂದೇ ಹಾಕ್ಕೋ" ಎಂದರು. ಇದು ಗೂಡಿನ ವ್ಯಾಪಾರಿಯ ಬಾಯಿಯ ಅಭ್ಯಾಸ, ಹೊಗಳಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದುಕೊಂಡೆ. ಆದರೂ ಅನುಮಾನ. ಅವರ ಬೀದಿಯ ಟವರು ನೋಡಿಸಿದೆ, ಅವರಿಗೆ ಬೇರೆ ಫೋನು ಕಳಿಸಿದೆ, ಪೆಟ್ಟಿಗೆಯ ಒಳಗನ್ನು ಮತ್ತೆ ಮತ್ತೆ ತಿದ್ದಿದೆ. ಎರಡು ಹೋಗಿ ಮೂರಾಗಲಿಲ್ಲ. ಕನ್ನಡದ ಮಾರ್ಕು ಏರದ ಹೊರತು ಪೆಟ್ಟಿಗೆಯನ್ನು ನಿಜವಾದ ವಿಮಾನಕ್ಕೆ ಏರಿಸುವಂತಿಲ್ಲ ಎಂದು ಮ್ಯಾನೇಜರು ಖಂಡಿತವಾಗಿ ಹೇಳಿದರು. ನನ್ನ ಮೊದಲ ಕೆಲಸ ಅಂಗಳದ ರೆಕ್ಕೆಯಿಲ್ಲದ ವಿಮಾನದಲ್ಲೇ ಮುಗಿಯುವ ಹಾಗಿತ್ತು.

ಆ ವಾರದ ಕರೆಯಲ್ಲಿ ಅದೂ ಇದೂ ಮಾತಾಡುತ್ತಾ ಅಮ್ಮನಿಗೆ ಕೆಮ್ಮು ಎಂದು ಹೇಳಿದ್ದೆ. ದನಿ ತಗ್ಗಿಸಿದರೆ ಹೇಗೆ ಕೇಳಿಸುತ್ತದೆ ಎಂದು ನೋಡಲು ಅದನ್ನು ಮೆಲ್ಲಗೇ ಹೇಳಿದ್ದೆ. "ಅರ್ಧ ಮಾತು ಹೊರಟೋಯ್ತು, ಎರಡು" ಎಂದು ಮಾಮ ಮಾರ್ಕು ಕೊಟ್ಟರು. ಮರುದಿನ ಚಿಂತಾಮಣಿ ರಸ್ತೆಯಲ್ಲಿರುವ ನಮ್ಮೂರಿನಿಂದ ಅಮ್ಮನ ಫೋನು.

"ಪ್ಯಾರೇಜಾನಣ್ಣ ಬಂದಿದ್ರು ಕಣೇ. ಬಸ್ಸಲ್ಲಿ ಬಂದು ಶುಂಠಿ, ಕಲ್ಲುಸಕ್ಕರೆ ಕೊಟ್ಟು, ಬಿಸಿನೀರೇ ಕುಡಿ ಅಂತ ಬೈದು ಹೋದ್ರು. ನನ್ನ ಕೆಮ್ಮು ಅವರಿಗೆ ಯಾರು ಹೇಳಿದ್ದು?"

ಆ ಕರೆಯ ಮಾರ್ಕನ್ನು ಮತ್ತೆ ತೆಗೆದು ನೋಡಿದೆ: ಎರಡು.

ಮುಂದಿನ ಕರೆಯ ದಿನ ಫೋನು ಮಾಡದೆ ಶಿಡ್ಲಘಟ್ಟಕ್ಕೇ ಹೋದೆ. ಚರಕದ ಎದುರು ಟೀ ಅಂಗಡಿಯ ನಾಗರಾಜ ನನ್ನನ್ನು ನೋಡಿ ಕಣ್ಣರಳಿಸಿದ. "ಏನಕ್ಕ, ನೀವೇ ಬಂದ್ಬಿಟ್ರಾ? ನಿಮ್ಮ ಫೋನ್ ಬರೋ ದಿನ ಸಾಬ್ರು ಈ ಕಡೆ ಕಾಲೇ ಹಾಕಲ್ಲ. ಟೀ ನಾನೇ ಒಳಗೆ ತಗೊಂಡೋಗಿ ಕೊಡ್ಬೇಕು. ಯಾಕೆ ಸಾಬ್ರೇ ಅಂದ್ರೆ, ಡ್ಯೂಟಿ ಅಂತಾರೆ!"

ಒಳಗೆ ಹೋದೆ. ಮಾಮ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿ, ಗಡ್ಡ ಬಾಚಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮುಂದೆ ಸ್ಟೂಲು. ಸ್ಟೂಲಿನ ಮೇಲೆ ಮಡಿಸಿದ ಟವಲು. ಟವಲಿನ ಮೇಲೆ ಫೋನು. ಹಿಂದೆ ಕತ್ತಲಲ್ಲಿ ನಿಂತ ರಾಟೆಗಳ ಸಾಲು. ನನ್ನನ್ನು ಕಂಡು ಅವರ ಮುಖ ಅರಳಿತು, ಕೂಡಲೇ ಅನುಮಾನದಿಂದ ಸಣ್ಣದಾಯಿತು.

"ಮಾಮ, ಅಮ್ಮನ ಕೆಮ್ಮು ನಿಮಗೆ ಹೇಗೆ ಕೇಳಿಸ್ತು?"

ಅವರು ಟವಲಿನ ಮಡಿಕೆ ಸರಿಮಾಡಿದರು. "ಅದೊಂದು ಕೇಳಿಸ್ತು."

"ಎರಡು ಮಾರ್ಕಿನ ಫೋನಲ್ಲಿ, ನಾನು ಪಿಸುಗುಟ್ಟಿದ್ದೊಂದೇ ಕೇಳಿಸ್ತಾ?"

ಅವರಿಗೆ ನಗು ಬಂತು. ನನಗೂ ಬಂತು. ಇಬ್ಬರೂ ನಕ್ಕು ಮುಗಿಸಿದ ಮೇಲೆ ಕೋಣೆ ಮೊದಲಿಗಿಂತ ಸಪ್ಪಗಾಯಿತು.

"ಮಂಜಮ್ಮ, ಮಾರ್ಕೆಟ್ನಲ್ಲಿ ನಾನು ಬಾಯಿಬಿಟ್ಟು ಒಳ್ಳೆ ಗೂಡು ಅಂದ್ಬಿಟ್ರೆ ಏನಾಗುತ್ತೆ?"

"ರೇಟು ಏರುತ್ತೆ."

"ಅದೊಂದು. ಇನ್ನೊಂದು ಹೇಳ್ತೀನಿ ಕೇಳು. ಲಾಟು ಮುಗಿದೋಗುತ್ತೆ. ಗೂಡು ತೂಕಕ್ಕೆ ಹೋಗುತ್ತೆ, ರೈತ ಟವಲ್ ಕೊಡವಿಕೊಂಡು ಬಸ್ಸಿಗೆ ಹೋಗ್ತಾನೆ. ಜೊಳ್ಳು, ತೆಳು ಅಂತ ಬೈತಾ ಇರೋವರ್ಗೂ ಎದುರಿಗೆ ನಿಂತಿರ್ತಾನೆ."

ನಾನು ನೆಲ ನೋಡಿದೆ. "ಮಾರ್ಕಿಲ್ದೆ, ಸುಮ್ನೆ ಫೋನ್ ಮಾಡ್ತೀನಿ ಮಾಮ. ವಾರವಾರ."

"ಸುಮ್ನೆ ಮಾಡಿದ್ರೆ ಏನಂತ ಮಾತಾಡೋದು? ಊಟ ಆಯ್ತಾ ಅಂತೀಯ. ಆಯ್ತು ಅಂತೀನಿ. ಆಮೇಲೆ? ಇದಾದ್ರೆ ಡ್ಯೂಟಿ. ಕಂಪ್ನಿಯೋರು ನನ್ನ ಕೇಳ್ತಾರೆ, ಹೆಂಗಿದೆ ಸಾಬ್ರೇ ಅಂತ. ಎಷ್ಟು ದಿನ ಆಗಿತ್ತು ಗೊತ್ತಾ, ಯಾರಾದ್ರೂ ನನ್ನ ಹೆಂಗಿದೆ ಅಂತ ಕೇಳಿ?"

ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದೆ. "ನಿಮ್ಮ ಮಾರ್ಕಿಂದ ನನ್ನ ಪೆಟ್ಟಿಗೆ ಮೇಲಕ್ಕೆ ಹಾರ್ತಾ ಇಲ್ಲ ಮಾಮ."

ಅವರು ಬೆಚ್ಚಿದರು. "ನಿನ್ನ ಪೆಟ್ಟಿಗೆನಾ? ಕಂಪ್ನಿದಲ್ವಾ?"

"ಮಾಡಿದ್ದು ನಾನು."

ಮಾಮ ಎದ್ದು ಹೋಗಿ ಒಂದು ರಾಟೆಯನ್ನು ಕೈಯಿಂದ ತಿರುಗಿಸಿದರು. ಅದು ಕಿರ್‍ರೆಂದು ಒಂದು ಸುತ್ತು ಸುತ್ತಿ ನಿಂತಿತು.

ಮ್ಯಾನೇಜರಿಗೆ ನಡೆದದ್ದನ್ನು ಹೇಳಿದೆ. ಅವರು ನಕ್ಕು, "ಆ ಯಜಮಾನರನ್ನ ಕೈಬಿಡಿ ಹಾಗಾದ್ರೆ" ಎಂದರು. ಬಿಡುವುದಿಲ್ಲ ಎಂದೆ. ಪಿಸುಮಾತನ್ನು ಕೇಳಿಸಿಕೊಂಡು ಬಸ್ಸು ಹತ್ತಿ ಹೋಗುವಂಥ ಕೇಳುಗರು ನಮಗೆ ಇನ್ನೊಬ್ಬರು ಸಿಗುವುದಿಲ್ಲ. ಹಾರುವಾಗ ಅವರು ಕೊಡುವ ಮಾರ್ಕೇ ಕೊನೆಯದಾಗಲಿ, ಅದು ಎರಡಾದರೆ ತಪ್ಪು ನನ್ನದೆಂದೇ ಬರೆದುಕೊಳ್ಳಿ ಎಂದೆ. ಮ್ಯಾನೇಜರು ಹಳೆಯ ಮಾರ್ಕುಗಳನ್ನು ಬದಿಗಿಟ್ಟು ಪೆಟ್ಟಿಗೆಯನ್ನು ವಿಮಾನಕ್ಕೆ ಏರಿಸಲು ಒಪ್ಪಿದರು. ಮಾಮನಿಗೆ ಐದು ಕೊಡಿ ಎಂದು ನಾನು ಕೇಳಲಿಲ್ಲ. ಇದು ಕೊನೆಯ ಕರೆ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿ ಎಂದು ಮಾತ್ರ ತಿಳಿಸಿದೆ.

ಆ ದಿನ ನಾವು ಸಮುದ್ರದ ಮೇಲಿದ್ದೆವು. ವಿಮಾನದಲ್ಲಿ ಪ್ರಯಾಣಿಕರಿಲ್ಲ, ನಾವು ಕೆಲವರು, ನಮ್ಮ ಸಲಕರಣೆಗಳು, ಖಾಲಿ ಸೀಟುಗಳು. ಕೆಳಗೆ ಮೋಡ ಬಿಟ್ಟರೆ ಏನೂ ಇಲ್ಲ. ಮೊದಲೇ ಗೊತ್ತುಮಾಡಿದ ಹೊತ್ತಿಗೆ ಕರೆ ಮಾಡಿದೆ. ರಿಂಗಾಯಿತು. ಎತ್ತುವ ಮೊದಲು ಅವರು ಅಲ್ಲಾಡಿಸಿರುತ್ತಾರೆ ಎಂದು ನೆನೆದು ನಗು ಬಂತು.

"ಮಾಮ, ಮೇಲಿಂದ ಮಾತಾಡ್ತಿದ್ದೀನಿ."

ಅರೆಗಳಿಗೆ. ಆಮೇಲೆ ಪಕ್ಕದಲ್ಲೇ ಕೂತಷ್ಟು ಹತ್ತಿರದಿಂದ: "ಮಹಡಿ ಮೇಲೆ ನಿಂತಿದ್ದೀನಿ. ಒಂದು ವಿಮಾನ ಹೋಗ್ತಾ ಇದೆ. ನಿಂದಾ?"

"ಅಲ್ಲ ಮಾಮ. ನಾನು ಸಮುದ್ರದ ಮೇಲಿದ್ದೀನಿ, ದೂರ."

"ಇರ್ಲಿ ಬಿಡು. ಅದಕ್ಕೇ ಕೈ ಬೀಸ್ಬಿಟ್ಟೆ."

ಮಹಡಿಯ ಗಾಳಿಯೋ, ಬೀದಿಯ ಆಟೋ ಸದ್ದೋ, ಯಾರೋ ಯಾರನ್ನೋ ಕರೆಯುವುದೋ, ಎಲ್ಲವೂ ಕೇಳಿಸುತ್ತಿತ್ತು. ಪರೀಕ್ಷೆಗೆಂದು ಅಚ್ಚುಮಾಡಿದ ವಾಕ್ಯಗಳನ್ನು ಓದತೊಡಗಿದೆ. ಎಂಜಿನ್ನಿನ ಮೊರೆತದಲ್ಲಿ ದನಿ ಸ್ವಲ್ಪ ಕುಗ್ಗಿತೇನೋ.

"ಕೂಗಿ ಓದಮ್ಮ," ಎಂದರು. "ಚರಕ ಓಡ್ತಾ ಇದೆ ಅನ್ಕೊಂಡು ಓದು."

ಓದಿದೆ. ಜೊತೆಯವರು ತಿರುಗಿ ನೋಡುವಷ್ಟು ಕೂಗಿ ಓದಿದೆ. ಒಂದು ಕಡೆಯೂ ತಡವರಿಸಲಿಲ್ಲ. ಮುಗಿಸಿ, ಕೇಳಲೇಬೇಕಾದ್ದನ್ನು ಕೇಳಿದೆ.

"ಎಷ್ಟು ಮಾಮ?"

ಉತ್ತರವಿಲ್ಲ. ಆ ಮೌನದಲ್ಲಿ ಉಪಗ್ರಹದ ಪಾಲೆಷ್ಟು, ಮಾಮನ ಪಾಲೆಷ್ಟು ಎಂದು, ಇದೇ ನನ್ನ ವಿದ್ಯೆಯಾದರೂ, ಇವತ್ತಿಗೂ ಹೇಳಲಾರೆ. ನಾನೂ ತಡೆದೆ. ಅವರೇ ಕಲಿಸಿದ ಹಾಗೆ ಕೈ ತಡೆದೆ.

"ಐದು," ಎಂದರು. "ಐದು ಹಾಕ್ಕೋ ಮಂಜಮ್ಮ."

ನಾನು ಏನೋ ಹೇಳಹೋದೆ. ಅವರು ಬಿಡಲಿಲ್ಲ. ಹರಾಜಿನ ಕಟ್ಟೆಯ ಮೇಲೆ ನಿಂತವರಂತೆ ಕೂಗಿದರು: "ಒಳ್ಳೆ ಗೂಡು! ಆಯ್ತು, ಲಾಟು ಮುಗೀತು. ತೂಕಕ್ಕೆ ಹಾಕು!"

ಅವರಾಗಿಯೇ ಫೋನಿಟ್ಟರು. ಅದುವರೆಗೆ ಒಂದು ಸಲವೂ ಅವರು ಮೊದಲು ಫೋನಿಟ್ಟವರಲ್ಲ.

ಪೆಟ್ಟಿಗೆ ಪಾಸಾಯಿತು. ನನಗೆ ಹೆಸರೂ ಬಂತು. ಆಮೇಲೆ ನಾನು ಮಾತು ಕೊಟ್ಟ ಹಾಗೆ ವಾರವಾರ ಫೋನು ಮಾಡುತ್ತಿದ್ದೆ. ಅವರು ಹೇಳಿದ್ದ ಹಾಗೆಯೇ ಆಗುತ್ತಿತ್ತು. ಊಟ ಆಯ್ತಾ ಎನ್ನುತ್ತಿದ್ದೆ. ಆಯ್ತು ಎನ್ನುತ್ತಿದ್ದರು. "ಕೇಳಿಸ್ತು, ಚೆನ್ನಾಗಿ ಕೇಳಿಸ್ತು, ನೀನು ಕೆಲಸ ನೋಡ್ಕೋ" ಎಂದು ಇಟ್ಟುಬಿಡುತ್ತಿದ್ದರು. ಎಷ್ಟು ಮಾಮ ಎಂದು ತಮಾಷೆಗೆ ಕೇಳಿದರೆ, "ಡ್ಯೂಟಿ ಮುಗೀತಲ್ಲಮ್ಮ" ಎನ್ನುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಟೀ ಅಂಗಡಿಯ ನಾಗರಾಜನ ಫೋನು ಬಂತು. ನಾನು ಹೋಗುವಷ್ಟರಲ್ಲಿ ಮಾಮನನ್ನು ಖಬರಸ್ತಾನಕ್ಕೆ ಹೊತ್ತುಕೊಂಡು ಹೊರಟಿದ್ದರು. ಅಮ್ಮನೂ ನಾನೂ ಚರಕದ ಬಾಗಿಲಲ್ಲಿ ನಿಂತುಕೊಂಡೆವು. ಅಮ್ಮ ತನ್ನ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದಳು, ಒದ್ದೆಯಿಲ್ಲದಿದ್ದರೂ.

"ಕುರ್ಚಿಲಿ ಕೂತ ಹಾಗೇ ಇದ್ರಕ್ಕ," ಎಂದ ನಾಗರಾಜ. "ಫೋನು ಸ್ಟೂಲ್ ಮೇಲೇ ಇತ್ತು. ಚಾರ್ಜು ಫುಲ್ಲಾಗಿತ್ತು."

ಇತ್ತೀಚೆಗೆ ಕೆಲಸದ ಮೇಲೆ ವಿಮಾನದಲ್ಲಿ ಹೋಗುತ್ತಿದ್ದೆ. ನಮ್ಮ ಪೆಟ್ಟಿಗೆಯಿದ್ದ ವಿಮಾನ. ಈಗ ಫೋನು ಮಾಡಬಹುದು ಎಂದು ಸೂಚನೆ ಬಂತು. ಪಕ್ಕದ ಸೀಟಿನಾತನಿಗೆ ಕರೆ ಬಂತು. ಆ ಕಡೆ ಯಾರೋ ಹೆಂಗಸು, ವಯಸ್ಸಾದವರು, ತೆಲುಗಿನಲ್ಲಿ ಏನೋ ಹೇಳುತ್ತಿದ್ದರು. ಎಷ್ಟು ಸ್ಪಷ್ಟವಿತ್ತೆಂದರೆ, ಅವರು ನಡುವೆ ಉಸಿರೆಳೆದುಕೊಂಡದ್ದೂ ನನಗೆ ಕೇಳಿಸಿತು. ಆತ ಗಡಿಯಾರ ನೋಡಿಕೊಂಡ. "ಏನೂ ಕೇಳಿಸ್ತಿಲ್ಲಮ್ಮ, ವಿಮಾನದಲ್ಲಿದ್ದೀನಿ, ಇಳಿದ ಮೇಲೆ ಮಾಡ್ತೀನಿ" ಎಂದು ತೆಲುಗಿನಲ್ಲೇ ಹೇಳಿ ಇಟ್ಟುಬಿಟ್ಟ.

ನನ್ನ ಫೋನು ತೆಗೆದೆ. ಸಿಗ್ನಲ್ಲು ಪೂರ್ತಿ ಇತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.